ಗಿರಾಕಿಯ ನೆನಪಿಗೊಂದು ವಕಾಲತ್ತು

ಸಾಗರದ ಕಡೆಯ ಹಳ್ಳಿಯೊಂದರಿಂದ ರಾತ್ರಿ ಬಸ್ಸಿಗೆ ಬಂದಿದ್ದ ಆ ತಾಯಿ ಕೈಚೀಲದಿಂದ ಎರಡು ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಎರಡರಲ್ಲೂ ಅಪ್ಪೆಮಿಡಿ ಉಪ್ಪಿನಕಾಯಿ. ಎರಡಕ್ಕೂ ಹಸಿರು ಮುಚ್ಚಳ, ಹಳದಿ ಲೇಬಲ್ಲು, ಲೇಬಲ್ಲಿನ ನಡುವೆ ಮಿಡಿಮಾವಿನ ಗೊಂಚಲು, ಅದರ ಕೆಳಗೆ ದುಂಡನೆಯ ಕೆಂಪು ಅಕ್ಷರದಲ್ಲಿ ಹೆಸರು. ಒಂದರಲ್ಲಿ ದೀರ್ಘವಿದ್ದ ಕಡೆ ಇನ್ನೊಂದರಲ್ಲಿ ಹ್ರಸ್ವ. ಒಂದರ ಗೊಂಚಲಿನಲ್ಲಿ ಐದು ಮಿಡಿ, ಇನ್ನೊಂದರಲ್ಲಿ ನಾಲ್ಕು. ಬಾಟಲಿ ತಿರುಗಿಸಿ ಹಿಂಬದಿಯ ವಿಳಾಸ ಓದಿದರಷ್ಟೇ ಎರಡೂ ಬೇರೆ ಬೇರೆ ಮನೆಯವು ಎಂದು ಗೊತ್ತಾಗುತ್ತಿತ್ತು.

"ಬೆಂಗಳೂರಿನ ಅಂಗಡಿಯವರು ಫೋನ್ ಮಾಡಿದ್ರು ಸಾರ್. ಅಮ್ಮಾ, ಈ ಸಲ ನಿಮ್ಮ ಉಪ್ಪಿನಕಾಯಿ ಯಾಕೆ ಹಿಂಗಾಯ್ತು, ಜನ ವಾಪಸ್ ತಂದು ಕೊಡ್ತಿದಾರೆ ಅಂದ್ರು. ಬಾಯಿಗಿಟ್ರೆ ಬರೀ ವಿನಿಗರ್ ಅಂತೆ. ನಾನು ಈವರೆಗೆ ವಿನಿಗರ್ ಮುಟ್ಟಿದವಳೇ ಅಲ್ಲ." ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ತಾನು ಮಾಡದ ತಪ್ಪಿಗೆ ಪಡುವ ನಾಚಿಕೆ. "ಅವನ ಮೇಲೆ ಮಾನನಷ್ಟದ ಕೇಸು ಹಾಕಬಹುದಾ?" ಎಂದು ಕೇಳಿದರು.

ಕಂಪನಿಗಳ, ಹೋಟೆಲುಗಳ, ಇಂಥ ಚಿಕ್ಕ ತಯಾರಕರ ಹೆಸರು ಕಾಯುವ ದಾವೆಗಳು ನನ್ನ ವೃತ್ತಿ. ಬರುವವರೆಲ್ಲ ಎರಡರಲ್ಲೊಂದು ಮಾತು ಹೇಳುತ್ತಾರೆ. "ನನ್ನ ಹೆಸರು ಕದ್ದರು" ಇಲ್ಲವೇ "ನನ್ನ ಹೆಸರು ಕೆಡಿಸಿದರು". ಕದ್ದದ್ದಕ್ಕೆ ಟ್ರೇಡ್‌ಮಾರ್ಕ್ ಕಾನೂನಿದೆ, ಕೆಡಿಸಿದ್ದಕ್ಕೆ ಮಾನಹಾನಿಯ ಕಾನೂನಿದೆ. ಯಾವುದೇ ಆಗಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರಿಂದ ನಿಮ್ಮ ಗಿರಾಕಿಗೆ ಏನಾಯಿತು? ಕಕ್ಷಿದಾರರಿಗೆ ಈ ಪ್ರಶ್ನೆ ಹಿಡಿಸುವುದಿಲ್ಲ. ನೋವಾಗಿರುವುದು ತಮಗೆ, ವಕೀಲರು ಯಾರದೋ ಸುದ್ದಿ ಕೇಳುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ. ಆದರೆ ಕಾನೂನು ಕಾಯುವುದು ಮಾಲೀಕನ ಅಭಿಮಾನವನ್ನಲ್ಲ. ಸಂತೆಯಲ್ಲೋ ಅಂಗಡಿಯಲ್ಲೋ ಕೈಚಾಚಿ ಸಾಮಾನು ಎತ್ತಿಕೊಳ್ಳುವವನ ನೆನಪನ್ನು. ಆ ನೆನಪು ಮೋಸಹೋಗಿದೆ ಎಂದು ತೋರಿಸಲಾಗದ ದಾವೆ, ಎಷ್ಟೇ ದೊಡ್ಡ ವಕೀಲರು ನಿಂತರೂ, ಗಟ್ಟಿಯಾಗಿ ನಿಲ್ಲುವುದಿಲ್ಲ.

ಇದನ್ನು ಬಿಸ್ಕತ್ತಿನ ಕಾಗದವೊಂದು ನನಗೆ ಕಲಿಸಿತು. ಪಾರ್ಲೆ ಕಂಪನಿಗೂ ಮೈಸೂರಿನ ಜೆ.ಪಿ. ಆಂಡ್ ಕಂಪನಿಗೂ ನಡೆದ ವ್ಯಾಜ್ಯವನ್ನು 1972ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಪಾರ್ಲೆಯ ಗ್ಲೂಕೋ ಬಿಸ್ಕತ್ತಿನ ಹೊದಿಕೆಯ ಮೇಲೆ ಒಂದು ತೋಟದ ಮನೆ, ಮರಗಳು, ಹಸು, ಕೋಳಿ, ನಡುವೆ ನೀರಿನ ಪಾತ್ರೆ ಹಿಡಿದ ಹುಡುಗಿ. ಮೈಸೂರಿನವರ ಹೊದಿಕೆಯ ಮೇಲೂ ತೋಟದ ಮನೆ, ಮರ, ಹಸು, ಕೋಳಿ, ಹುಡುಗಿ. ಆದರೆ ಈ ಹುಡುಗಿಯ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು ಮತ್ತು ಬುತ್ತಿ. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಹತ್ತಾರು ವ್ಯತ್ಯಾಸ ಸಿಗುತ್ತವೆ. ಅವನ್ನು ಒಂದೊಂದಾಗಿ ಎಣಿಸಿ, ಇವು ಬೇರೆ ಬೇರೆಯೇ ಎಂದು ಕೆಳಗಿನ ನ್ಯಾಯಾಲಯಗಳು ಹೇಳಿದ್ದವು. ಆಗಿನ ಮೈಸೂರು ಹೈಕೋರ್ಟಿನಲ್ಲೂ ಪಾರ್ಲೆ ಸೋತಿತ್ತು.

ಸುಪ್ರೀಂ ಕೋರ್ಟು ನೋಡಿದ್ದು ಬೇರೆ ರೀತಿಯಲ್ಲಿ. ಯಾವ ಗಿರಾಕಿಯೂ ಎರಡು ಪೊಟ್ಟಣ ಎದುರಿಗಿಟ್ಟುಕೊಂಡು ಹೋಲಿಸಿ ಕೊಳ್ಳುವುದಿಲ್ಲ. ಇವತ್ತು ಒಂದನ್ನು ನೋಡಿರುತ್ತಾನೆ, ನಾಲ್ಕು ದಿನ ಬಿಟ್ಟು ಇನ್ನೊಂದು ಕಣ್ಣಿಗೆ ಬೀಳುತ್ತದೆ, ಅದೇ ಇದು ಅಂದುಕೊಳ್ಳುತ್ತಾನೆ. ಸಾಮಾನ್ಯ ಕೊಳ್ಳುಗ ಷರ್ಲಾಕ್ ಹೋಮ್ಸ್ ಅಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಅವನ ಮನಸ್ಸಿನಲ್ಲಿ ಉಳಿಯುವುದು ಒಟ್ಟು ಚಿತ್ರ: ತೋಟ, ಹಸು, ಕೋಳಿ, ಹುಡುಗಿ. ಹುಡುಗಿಯ ಕೈಯಲ್ಲಿ ಪಾತ್ರೆಯಿತ್ತೋ ಕುಡುಗೋಲಿತ್ತೋ ಯಾರು ನೆನಪಿಟ್ಟುಕೊಳ್ಳುತ್ತಾರೆ? ಪಾರ್ಲೆ ಗೆದ್ದಿತು. ನನ್ನ ಮೇಜಿನ ಮೇಲಿದ್ದ ಗೊಂಚಲಿನ ಐದು ಮಿಡಿ, ನಾಲ್ಕು ಮಿಡಿಯ ಲೆಕ್ಕಕ್ಕೂ ಇದೇ ಉತ್ತರ.

ಅದಕ್ಕೂ ಹತ್ತು ವರ್ಷ ಹಿಂದೆ, 1962ರಲ್ಲಿ, ಅಮೃತಧಾರಾ ಎಂಬ ಔಷಧದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಅಳತೆಗೋಲನ್ನು ನೆಟ್ಟಿತ್ತು. ಎದುರಾಳಿಯ ಔಷಧದ ಹೆಸರು ಲಕ್ಷ್ಮಣಧಾರಾ. ಅಮೃತ ಬೇರೆ, ಲಕ್ಷ್ಮಣ ಬೇರೆ ಎಂದು ಪಂಡಿತರು ಪದ ಬಿಡಿಸಿ ಹೇಳಬಹುದು. ಆದರೆ ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಮನುಷ್ಯ ಪದ ಬಿಡಿಸಿ ಅರ್ಥ ಹುಡುಕುವುದಿಲ್ಲ. ಕಿವಿಗೆ ಬಿದ್ದ ಒಟ್ಟು ನಾದವನ್ನು ಹಿಡಿದು ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಹೆಸರುಗಳು ಮೋಸಗೊಳಿಸುವಷ್ಟು ಹತ್ತಿರದವು ಎಂದು ನ್ಯಾಯಾಲಯ ಒಪ್ಪಿತು. ಹಾಗಿದ್ದೂ ಅಮೃತಧಾರಾದವರಿಗೆ ಪೂರ್ತಿ ಗೆಲುವು ಸಿಗಲಿಲ್ಲ. ಲಕ್ಷ್ಮಣಧಾರಾ 1923ರಿಂದ ಮಾರುಕಟ್ಟೆಯಲ್ಲಿತ್ತು, ಇವರು ಸುಮ್ಮನೆ ಕೂತಿದ್ದರು. ಉತ್ತರ ಪ್ರದೇಶದ ಮಟ್ಟಿಗೆ ಅವರೂ ಆ ಹೆಸರು ಇಟ್ಟುಕೊಳ್ಳಲಿ ಎಂದಾಯಿತು. ಈಗಿನ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ, ಎದುರಾಳಿಯ ನೋಂದಾಯಿತ ಹೆಸರಿನ ಬಳಕೆಯನ್ನು ಗೊತ್ತಿದ್ದೂ ಐದು ವರ್ಷ ಸಹಿಸಿಕೊಂಡವರು ಆಮೇಲೆ ಆಕ್ಷೇಪಿಸುವುದು ಕಷ್ಟ. "ಪಾಪ, ಬದುಕಿಕೊಳ್ಳಲಿ ಬಿಡಿ" ಎಂದು ಸುಮ್ಮನಾಗುವ ನಮ್ಮ ಜನರ ದೊಡ್ಡತನ ಕೋರ್ಟಿನಲ್ಲಿ ಒಪ್ಪಿಗೆಯಂತೆ ಕಾಣುತ್ತದೆ. ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು.

ಸಾಗರದ ತಾಯಿಯ ಹೆಸರು ನೋಂದಣಿಯಾಗಿರಲಿಲ್ಲ. ಇನ್ನು ತನ್ನ ಕಥೆ ಮುಗಿಯಿತು ಎಂದೇ ಅವರು ಭಾವಿಸಿದ್ದರು. ಮುಗಿದಿರಲಿಲ್ಲ. ನೋಂದಣಿ ಇಲ್ಲದ ಹೆಸರಿಗೂ ರಕ್ಷಣೆ ಇದೆ. ತನ್ನ ಸರಕನ್ನು ಇನ್ನೊಬ್ಬರದೆಂದು ದಾಟಿಸುವುದಕ್ಕೆ ವಕೀಲರ ಭಾಷೆಯಲ್ಲಿ ಪಾಸಿಂಗ್ ಆಫ್ ಎನ್ನುತ್ತೇವೆ. ಅಲ್ಲಿ ತೋರಿಸಬೇಕಾದದ್ದು ಮೂರು ಸಂಗತಿ. ನಮ್ಮ ಹೆಸರಿಗೆ ಜನರಲ್ಲಿ ಒಂದು ಬೆಲೆ ಬಂದಿತ್ತು, ಎದುರಾಳಿ ಅದೇ ಇದೆಂದು ಜನ ನಂಬುವ ಹಾಗೆ ಮಾಡಿದ, ಅದರಿಂದ ನಮಗೆ ಪೆಟ್ಟು ಬಿತ್ತು. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು. ಇರುಟ್ಟುಕಡೈ ಎಂದರೆ ಕತ್ತಲೆ ಅಂಗಡಿ. ಅಂಗಡಿಯಲ್ಲಿ ಬೆಳಕು ಕಡಿಮೆಯಿದ್ದದ್ದಕ್ಕೆ ಜನರೇ ಇಟ್ಟ ಹೆಸರು. ಅದನ್ನೇ ಸ್ವಲ್ಪ ಬದಲಿಸಿ ಇನ್ನೊಬ್ಬರು ನೋಂದಣಿ ಮಾಡಿಸಿಕೊಂಡಿದ್ದರು. ಎರಡೂ ಕಡೆ ನೋಂದಣಿ ಪತ್ರ ಇದ್ದರೂ, ಮೊದಲಿನಿಂದ ಬಳಸಿದವರ ಹಕ್ಕು ಮೇಲು ಎಂದು ತೀರ್ಪಾಯಿತು. ಸರ್ಕಾರದ ಮುದ್ರೆಗಿಂತ ಜನರ ನಾಲಗೆ ದೊಡ್ಡದಾದ ಆ ತೀರ್ಪು ನನಗೆ ಬಲು ಪ್ರಿಯ.

ಮೊದಲಿನಿಂದ ಬಳಸಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ಸಾಲದಲ್ಲ. ನಾನು ಆ ತಾಯಿಯನ್ನು ಊರಿಗೆ ವಾಪಸ್ ಕಳಿಸಿ, ಹಳೆಯ ಕಾಗದವೇನಿದ್ದರೂ ತನ್ನಿ ಎಂದೆ. ಮುಂದಿನ ವಾರ ಒಂದು ತಗಡಿನ ಡಬ್ಬಿಯೇ ಬಂತು. ಆಹಾರ ಪರವಾನಗಿ, ಅಂಗಡಿಗಳಿಗೆ ಕಳಿಸಿದ ಸರಕಿನ ಬಿಲ್ ಪುಸ್ತಕಗಳು, ಊರ ಜಾತ್ರೆಯ ಮಳಿಗೆಯಲ್ಲಿ ತೆಗೆಸಿಕೊಂಡ ಫೋಟೋ. ಡಬ್ಬಿಯ ತಳದಲ್ಲಿ, ಮೂಲೆಗೆ ಎಣ್ಣೆ ಹಿಡಿದು ಪಾರದರ್ಶಕವಾಗಿದ್ದ ಒಂದು ಚೀಟಿ. ಶಿವಮೊಗ್ಗದ ಮುದ್ರಣಾಲಯವೊಂದು ಲೇಬಲ್ ಅಚ್ಚುಹಾಕಿಕೊಟ್ಟದ್ದಕ್ಕೆ ಕೊಟ್ಟ ರಸೀದಿ. ತಾರೀಖು ಮಸುಕಾಗಿತ್ತು, ಆದರೆ ಓದಲು ಬರುತ್ತಿತ್ತು. ಎದುರಾಳಿ ತಾನು ವ್ಯಾಪಾರ ಶುರುಮಾಡಿದ್ದೆಂದು ಲೇಬಲ್ಲಿನ ಮೇಲೇ ಅಚ್ಚುಹಾಕಿಸಿದ್ದ ವರ್ಷಕ್ಕಿಂತ ಅದು ಏಳು ವರ್ಷ ಹಿಂದಿನದು. ಆ ಎಣ್ಣೆ ಜಿಡ್ಡಿನ ಚೀಟಿಗೆ ನಾನು ಪ್ಲಾಸ್ಟಿಕ್ ಕವಚ ಹಾಕಿಸಿ ಫೈಲಿನ ಮೊದಲ ದಾಖಲೆಯಾಗಿ ಇಟ್ಟೆ. ಆಮೇಲೆ ನನ್ನ ಜೂನಿಯರ್ ಒಬ್ಬ ಮಲ್ಲೇಶ್ವರದ ಅಂಗಡಿಗೆ ಸಾಮಾನ್ಯ ಗಿರಾಕಿಯ ಹಾಗೆ ಹೋಗಿ, "ಸಾಗರದ ಮಿಡಿ ಉಪ್ಪಿನಕಾಯಿ ಕೊಡಿ" ಎಂದು ಕೇಳಿ, ನಕಲಿ ಬಾಟಲಿ ಕೊಟ್ಟಾಗ ಬಿಲ್ಲು ಸಮೇತ ತಂದ. ಹೆಸರಿನ ದಾವೆಗಳಲ್ಲಿ ಅರ್ಧ ಕೆಲಸ ಇಂಥದು. ಕೋರ್ಟಿನ ವಾದ ಬರುವುದು ಆಮೇಲೆ.

ಕೋರ್ಟಿನ ದಾರಿಯನ್ನೂ ಒಂದಿಷ್ಟು ವಿವರಿಸಬೇಕು. ದಿಲ್ಲಿ, ಮುಂಬಯಿ, ಚೆನ್ನೈ, ಕೊಲ್ಕತ್ತದ ಹೈಕೋರ್ಟುಗಳಲ್ಲಿ ದೊಡ್ಡ ಮೊತ್ತದ ದಾವೆಯನ್ನು ನೇರವಾಗಿ ಹೂಡಬಹುದು. ನಮ್ಮ ಹೈಕೋರ್ಟಿಗೆ ಆ ಅಧಿಕಾರವಿಲ್ಲ, ಬೆಂಗಳೂರಿನಲ್ಲಿ ಸಿಟಿ ಸಿವಿಲ್ ಕೋರ್ಟಿಗೇ ಹೋಗಬೇಕು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ಇಂಥ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಾಲಯಗಳಿವೆ. ಮೊದಲು 1 ಕೋಟಿ ರೂಪಾಯಿ ಇದ್ದ ಮಿತಿಯನ್ನು 2018ರಲ್ಲಿ 3 ಲಕ್ಷಕ್ಕೆ ಇಳಿಸಿದ್ದರಿಂದ ಉಪ್ಪಿನಕಾಯಿ ಮಾಡುವವರಿಗೂ ಅಲ್ಲಿ ಜಾಗ ಸಿಕ್ಕಿದೆ. ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದವರು ತಾವು ವ್ಯಾಪಾರ ಮಾಡುವ ಊರಿನಲ್ಲೇ ದಾವೆ ಹೂಡಬಹುದು. ಇಲ್ಲದವರು ಎದುರಾಳಿ ಇರುವಲ್ಲಿಗೋ ಮೋಸ ನಡೆದಲ್ಲಿಗೋ ಹೋಗಬೇಕು. ನೋಂದಣಿಯ ಲಾಭ ಇಂಥ ಕಡೆ ಕಾಣುತ್ತದೆ. ತುರ್ತು ಪರಿಹಾರ ಬೇಡವಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಿಬರಬೇಕು. ಹೆಸರಿನ ವಿಷಯದಲ್ಲಿ ಸಾಮಾನ್ಯವಾಗಿ ತುರ್ತು ಇದ್ದೇ ಇರುತ್ತದೆ, ಏಕೆಂದರೆ ಅಂಗಡಿಯ ಕಪಾಟಿನಲ್ಲಿ ನಕಲಿ ಬಾಟಲಿ ಕೂತಿರುವ ಪ್ರತಿ ದಿನವೂ ನಷ್ಟವೇ. ಹಾಗಾಗಿ ತಾತ್ಕಾಲಿಕ ತಡೆಯಾಜ್ಞೆಯೇ ಇಲ್ಲಿನ ನಿಜವಾದ ಹೋರಾಟ. ಎದುರಾಳಿಗೆ ಸುಳಿವು ಸಿಕ್ಕಿದರೆ ಸರಕು ಮಾಯವಾಗುತ್ತದೆ ಎನ್ನಿಸಿದಾಗ ನ್ಯಾಯಾಧೀಶರು ಅವನ ಮಾತು ಕೇಳುವ ಮುನ್ನವೇ ಆಜ್ಞೆ ಕೊಡುತ್ತಾರೆ, ಕೋರ್ಟ್ ಕಮಿಷನರ್ ಒಬ್ಬರನ್ನು ಗೋದಾಮಿಗೆ ಕಳಿಸಿ ಪಟ್ಟಿ ಮಾಡಿಸುತ್ತಾರೆ. ನಕಲು ಮಾಡುವವರು ಯಾರೆಂದೇ ಗೊತ್ತಿಲ್ಲದಿದ್ದರೂ ದಾವೆ ಹೂಡಬಹುದು. ಆಗ ಪ್ರತಿವಾದಿಯ ಜಾಗದಲ್ಲಿ ಅಶೋಕ್ ಕುಮಾರ್ ಎಂದು ಬರೆಯುವ ರೂಢಿ ನಮ್ಮ ದೇಶದ ಕೋರ್ಟುಗಳಲ್ಲಿದೆ. ಆ ಹೆಸರಿನ ನಿಜವಾದ ವ್ಯಕ್ತಿ ಯಾರೂ ಅಲ್ಲಿರುವುದಿಲ್ಲ.

ಅಂಗಡಿಗಳಲ್ಲಿ ಸಾಮಾನಿನ ಮೇಲೆ ಕಾಣುವ ಎರಡು ಗುರುತುಗಳ ಬಗ್ಗೆ ಗೊಂದಲವಿದೆ. ಟಿಎಂ ಎಂದು ಯಾರೂ ಹಾಕಿಕೊಳ್ಳಬಹುದು, ಇದು ನನ್ನ ಹೆಸರು ಎಂಬ ಘೋಷಣೆಯಷ್ಟೇ ಅದು. ವೃತ್ತದೊಳಗಿನ ಆರ್ ಅಕ್ಷರವನ್ನು ನೋಂದಣಿಯಾದ ಮೇಲೆ ಮಾತ್ರ ಹಾಕಬೇಕು. ಸುಳ್ಳಾಗಿ ಹಾಕಿದರೆ ದಂಡ ಬೀಳುತ್ತದೆ.

ಈಗ ನಮ್ಮೂರಿನದೇ ದೊಡ್ಡ ಪ್ರಕರಣಕ್ಕೆ ಬರುತ್ತೇನೆ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿಯನ್ನು ಅರಿಯದ ಮನೆ ನಮ್ಮಲ್ಲಿಲ್ಲ. 1985ರಿಂದ ಅದು ಆ ಹೆಸರು ಬಳಸುತ್ತಿದೆ. 1989ರಲ್ಲಿ ಬೆಂಗಳೂರಿನಲ್ಲಿ ನಂದಿನಿ ಎಂಬ ಹೆಸರಿನ ಹೋಟೆಲು ಶುರುವಾಗಿ, ಮುಂದೆ ಹಲವು ಶಾಖೆಗಳ ನಂದಿನಿ ಡಿಲಕ್ಸ್ ಆಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಎಚ್ ಅಕ್ಷರ ಹೆಚ್ಚು, ಕನ್ನಡದ ಕಿವಿಗೆ ಎರಡೂ ಒಂದೇ. ಹೋಟೆಲಿನವರು ಮಾಂಸ, ಮೀನು ಮುಂತಾದ ಆಹಾರ ಪದಾರ್ಥಗಳಿಗೆ ಆ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪಿಸಿತು. ಟ್ರೇಡ್‌ಮಾರ್ಕ್ ಕಚೇರಿ ಹೋಟೆಲಿನ ಪರ ಹೇಳಿತು, ಮೇಲ್ಮನವಿ ಮಂಡಳಿ ಮಹಾಮಂಡಳದ ಪರ ಹೇಳಿತು, ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಮತ್ತೆ ಹೋಟೆಲಿನ ಕಡೆ ತಿರುಗಿತು.

ಆ ತೀರ್ಪು ಬಂದಾಗ ಹಾಲಿನ ಸಂಘಗಳ ಕಡೆಯ ಅನೇಕರಿಗೆ ನೋವಾಗಿತ್ತು. ರೈತರ ಸಂಸ್ಥೆಯ ಹೆಸರನ್ನು ಕೋರ್ಟು ಬಿಟ್ಟುಕೊಟ್ಟಿತು ಎಂದು ಕೆಲವರು ನನ್ನೊಡನೆ ವಾದಿಸಿದರು. ನನಗೆ ತೀರ್ಪು ಸರಿಯೆನ್ನಿಸುತ್ತದೆ. ನಂದಿನಿ ಯಾರೋ ಕೂತು ಹೊಸದಾಗಿ ಕಟ್ಟಿದ ಪದವಲ್ಲ. ಪುರಾಣದ ಕಾಮಧೇನುವಿನ ಮಗಳು, ನಮ್ಮ ಬೀದಿಗೊಬ್ಬ ಹುಡುಗಿಯ ಹೆಸರು. ಒಂದರ ಚಿಹ್ನೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಹಸು, ಇನ್ನೊಂದರಲ್ಲಿ ದೀಪ. ಎಲ್ಲಕ್ಕಿಂತ ಮುಖ್ಯ, ಆಂಧ್ರ ಊಟಕ್ಕೆ ಸಾಲಿನಲ್ಲಿ ನಿಂತವನು ಇದು ಹಾಲಿನ ಡೇರಿಯವರ ಹೋಟೆಲು ಎಂದುಕೊಂಡು ಬಂದಿರುವುದಿಲ್ಲ. ಬೆಳಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳುವವಳಿಗೆ ಬಿರಿಯಾನಿ ನೆನಪಾಗುವುದಿಲ್ಲ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರು ಆ ಹೆಸರು ಕೇಳಬಾರದು, ಅದು ಬಿಟ್ಟು ಉಳಿದದ್ದಕ್ಕೆ ನೋಂದಣಿ ಸಿಗಲಿ ಎಂದು ನ್ಯಾಯಾಲಯ ಗೆರೆ ಎಳೆಯಿತು. ಗೊಂದಲ ಹುಟ್ಟುವ ಜಾಗವೂ ಅದೊಂದೇ ಆಗಿತ್ತು.

ಗಿರಾಕಿಯ ನೆನಪಿನಲ್ಲಿ ಹೆಸರು ಯಾವಾಗ ಬಂತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಟೊಯೊಟಾ 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರು ತಂದಿತ್ತು. ಇಲ್ಲಿ ಬಿಡದಿಯಲ್ಲಿ ಅದರ ಕಾರ್ಖಾನೆಯೇ ಇದೆ. ಆದರೂ 2001ರಿಂದ ಪ್ರಿಯಸ್ ಹೆಸರಿನಲ್ಲಿ ವಾಹನದ ಬಿಡಿಭಾಗ ಮಾರುತ್ತಿದ್ದ ಭಾರತದ ಸಂಸ್ಥೆಯ ವಿರುದ್ಧ ಆ ಹೆಸರಿನ ಮಟ್ಟಿಗೆ ಅದು 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಜಗತ್ತಿಗೆಲ್ಲ ಗೊತ್ತಿದ್ದರೆ ಸಾಲದು, 2001ರಲ್ಲಿ ಈ ದೇಶದ ಕೊಳ್ಳುಗನಿಗೆ ಗೊತ್ತಿತ್ತು ಎಂದು ತೋರಿಸಬೇಕಿತ್ತು. ಇನ್ನೊಂದು ಪ್ರಕರಣ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೇ ಶುರುವಾದದ್ದು. ಸತ್ಯಂ ಇನ್‌ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಹೆಣೆದು ಸಿಫಿ ಎಂಬ ಅಂತರ್ಜಾಲ ವಿಳಾಸ ಕಟ್ಟಿಕೊಂಡಿತ್ತು, ಇನ್ನೊಬ್ಬರು ಒಂದು ಎಫ್ ಸೇರಿಸಿ ಹಾಗೇ ಕೇಳಿಸುವ ವಿಳಾಸ ಮಾಡಿದರು. ಸಿಟಿ ಸಿವಿಲ್ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟು ತೆಗೆಯಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೊಟ್ಟಿತು. ಅಂತರ್ಜಾಲದ ವಿಳಾಸವೂ ಅಂಗಡಿಯ ಬೋರ್ಡಿನಂತೆಯೇ ಎಂದು ಈ ದೇಶದಲ್ಲಿ ಗಟ್ಟಿಯಾದದ್ದು ಆ ತೀರ್ಪಿನಿಂದ.

ಔಷಧಗಳ ಮಾತು ಬಂದರೆ ಅಳತೆಗೋಲು ಇನ್ನೂ ಬಿಗಿಯಾಗುತ್ತದೆ. ಮಿದುಳಿಗೇರುವ ಮಲೇರಿಯಾದ ಎರಡು ಮದ್ದುಗಳು, ಫಾಲ್ಸಿಗೋ ಮತ್ತು ಫಾಲ್ಸಿಟ್ಯಾಬ್, 2001ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಉಪ್ಪಿನಕಾಯಿ ತಪ್ಪಿದರೆ ಊಟ ಕೆಡುತ್ತದೆ, ಮದ್ದು ತಪ್ಪಿದರೆ ಜೀವವೇ ಹೋಗಬಹುದು ಎಂಬ ತರ್ಕ ಮೇಲುಗೈ ಪಡೆಯಿತು. ಮಾತುಗಳು ನನ್ನವು, ತಿರುಳು ತೀರ್ಪಿನದು.

ಹೆಸರಿಗೆ ಎಷ್ಟು ಬೆಲೆ ಎಂದು ಕೇಳುವವರಿಗೆ ನಾನು ಮಂಗಳೂರು ಗಣೇಶ ಬೀಡಿಯ ಕಥೆ ಹೇಳುತ್ತೇನೆ. ಪಾಲುದಾರರಲ್ಲಿ ಹೊಂದಾಣಿಕೆ ತಪ್ಪಿ ಪಾಲುದಾರಿಕೆ 1987ರಲ್ಲಿ ಮುರಿಯಿತು. ಸಂಸ್ಥೆಯನ್ನು ನಡೆಯುತ್ತಿರುವ ಸ್ಥಿತಿಯಲ್ಲೇ ಮಾರಲು ತೀರ್ಮಾನವಾಗಿ, 1994ರಲ್ಲಿ ಪಾಲುದಾರರಲ್ಲೇ ಮೂವರು ಕೂಡಿ 92 ಕೋಟಿ ರೂಪಾಯಿ ಕೂಗಿ ಕೊಂಡರು. ಎಲೆ, ತಂಬಾಕು, ದಾರಕ್ಕೆ ಯಾರೂ ಅಷ್ಟು ಕೊಡುವುದಿಲ್ಲ. ಮುಂದೆ ಆದಾಯ ತೆರಿಗೆಯ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಟ್ರೇಡ್‌ಮಾರ್ಕ್ ಕೂಡ ಕಾರ್ಖಾನೆಯ ಯಂತ್ರದ ಹಾಗೆ ದುಡಿಯುವ ಸಲಕರಣೆ, ಸವಕಳಿಯ ಲೆಕ್ಕಕ್ಕೆ ಬರುತ್ತದೆ ಎಂದು 2015ರಲ್ಲಿ ತೀರ್ಪಾಯಿತು. ಇಷ್ಟು ಬೆಲೆಯ ಆಸ್ತಿಯನ್ನು ಕದಿಯುವವರೂ ಇರುತ್ತಾರಲ್ಲ. 1916ರಿಂದ ನಡೆದುಬಂದ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ನಕಲು ತಯಾರಿಸುತ್ತಿದ್ದ ಜಾಲ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿಬಿತ್ತು. ಅಂಥ ಕಡೆ ಸಿವಿಲ್ ದಾವೆ ಸಾಲದು, ಪೊಲೀಸರೇ ಬೇಕು. ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಇನ್ನು "ಹೆಸರು ಕೆಡಿಸಿದರು" ಎಂದು ಬರುವವರ ವಿಷಯ. ಇಲ್ಲಿ ನನ್ನ ಮನಸ್ಸು ಅಷ್ಟು ಸಲೀಸಾಗಿ ಕಕ್ಷಿದಾರರ ಕಡೆ ವಾಲುವುದಿಲ್ಲ.

ಪ್ರತಿಸ್ಪರ್ಧಿ ಕೆಡಿಸಿದರೆ ಉತ್ತರ ಸುಲಭ. ಬಟ್ಟೆಗೆ ಹಾಕುವ ನೀಲಿಯ ಜಗಳವೊಂದು 1999ರಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹೋಗಿತ್ತು. ಉಜಾಲಾದ ಜಾಹೀರಾತಿನಲ್ಲಿ ಇನ್ನೊಂದು ನೀಲಿಯ ಬಾಟಲಿ ತೋರಿಸಿ, ಅದು ದುಬಾರಿ, ಬಟ್ಟೆಯ ಮೇಲೆ ಕಲೆ ಬಿಡುತ್ತದೆ ಎಂದು ಹೇಳಲಾಗಿತ್ತು. ಹೆಸರು ಹೇಳಿರಲಿಲ್ಲ, ಆದರೆ ಬಾಟಲಿಯ ಆಕಾರ, 10 ರೂಪಾಯಿ ಬೆಲೆ ನೋಡಿದವರಿಗೆ ಅದು ರಾಬಿನ್ ಬ್ಲೂ ಎಂದು ಹೇಳಬೇಕಿರಲಿಲ್ಲ. ನ್ಯಾಯಾಲಯ ಹಾಕಿದ ಗೆರೆ ಇಂದಿಗೂ ನಡೆಯುತ್ತಿದೆ. ನನ್ನದು ಜಗತ್ತಿನಲ್ಲೇ ಉತ್ತಮ ಎಂದು ಕೊಚ್ಚಿಕೊಳ್ಳಿ, ಅವನಿಗಿಂತ ನಾನು ಮೇಲು ಎಂದು ಹೋಲಿಸಿಕೊಳ್ಳಿ, ಆದರೆ ಅವನದು ಕೆಟ್ಟದ್ದು ಎಂದು ಹೇಳಬೇಡಿ. ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಕೂಗುವ ಹೆಂಗಸರಿಗೆ ಈ ಗೆರೆ ಯಾರೂ ಹೇಳಿಕೊಡದೆ ಗೊತ್ತಿದೆ. ಪಕ್ಕದವಳ ಬುಟ್ಟಿಗೆ ಕೈ ತೋರಿಸಿ ಅದು ಕೊಳೆತದ್ದು ಎಂದರೆ ಅಲ್ಲೇ ಜಗಳ.

ಕೆಡಿಸಿದವನು ಗಿರಾಕಿಯೋ ಪತ್ರಕರ್ತನೋ ಆದಾಗ ವಿಷಯ ಬೇರೆಯೇ ಆಗುತ್ತದೆ. ಕೆಲವು ವರ್ಷಗಳ ಹಿಂದೆ ಹೋಟೆಲಿನ ಮಾಲೀಕರೊಬ್ಬರು ಬಂದು, ತಮ್ಮ ಸಾಂಬಾರು ಹಳಸಿತ್ತು ಎಂದು ಬರೆದ ಗಿರಾಕಿಗೆ 1 ಕೋಟಿಯ ನೋಟಿಸ್ ಕಳಿಸಿ ಎಂದರು. "ಅವತ್ತು ಸಾಂಬಾರು ಹಳಸಿತ್ತಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಫ್ರಿಜ್ ಕೆಟ್ಟಿತ್ತು ಸಾರ್, ಮಧ್ಯಾಹ್ನದ್ದನ್ನೇ ರಾತ್ರಿ ಬಿಸಿಮಾಡಿದ್ರು" ಎಂದರು. ನಾನು ನೋಟಿಸ್ ಬರೆಯಲಿಲ್ಲ. ಗಿರಾಕಿಗೆ ಕ್ಷಮೆ ಕೇಳಿ ಬರೆಯಿರಿ, ಫ್ರಿಜ್ ರಿಪೇರಿ ಮಾಡಿಸಿದ್ದನ್ನೂ ಹೇಳಿ ಎಂದು ಕಳಿಸಿದೆ. ಅವರು ನನ್ನ ಮೇಲೆ ಮುನಿಸಿಕೊಂಡೇ ಹೋದರು, ಆದರೂ ಹಾಗೆಯೇ ಮಾಡಿದರು. ನಿಜ ಹೇಳಿದ ಗಿರಾಕಿಯ ಬಾಯಿ ಮುಚ್ಚಿಸಲು ನನ್ನ ಲೆಟರ್‌ಹೆಡ್ ಬಳಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಉಪ್ಪಿನಕಾಯಿಯ ದಾವೆಯಲ್ಲಿ ನಾನು ಕಾಯುವುದು ಯಾವ ಗಿರಾಕಿಯನ್ನೋ ಅವನೇ ಇವನೂ. ಅಲ್ಲಿ ಮೋಸಹೋಗಬಾರದು ಎಂದು ವಾದಿಸಿ, ಇಲ್ಲಿ ಅವನು ತಿಂದದ್ದನ್ನು ಹೇಳಬಾರದು ಎಂದರೆ ಆ ವಾದಕ್ಕೆ ಬೆನ್ನೆಲುಬಿಲ್ಲ.

ದೊಡ್ಡ ಕಂಪನಿಗಳ ಕಡೆಯಿಂದಲೂ ಇಂಥ ದಾವೆಗಳು ಬರುತ್ತವೆ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ತೊಂದರೆಯಾಗುತ್ತದೆ ಎಂದು ಗ್ರೀನ್‌ಪೀಸ್ ಸಂಸ್ಥೆ ಒಂದು ಕಂಪ್ಯೂಟರ್ ಆಟ ಮಾಡಿ, ಅದರಲ್ಲಿ ಆಮೆಯನ್ನು ಅಟ್ಟಿಸಿಕೊಂಡು ಬರುವ ರಾಕ್ಷಸರಿಗೆ ಟಾಟಾ ಚಿಹ್ನೆ ಇಟ್ಟಿತ್ತು. ಟಾಟಾ ಸನ್ಸ್ 10 ಕೋಟಿ ಪರಿಹಾರ ಕೇಳಿ ದಿಲ್ಲಿ ಹೈಕೋರ್ಟಿಗೆ ಹೋಯಿತು. 2011ರಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ಚಿಹ್ನೆಯನ್ನು ಸಾಮಾನು ಮಾರಲು ಬಳಸುವುದು ಬೇರೆ, ಟೀಕೆಗೆ ಬಳಸುವುದು ಬೇರೆ. ಆ ಆಟ ಆಡಿದವರು ಯಾರೂ ಅದು ಟಾಟಾದವರು ಮಾಡಿದ ಆಟ ಎಂದುಕೊಳ್ಳುವುದಿಲ್ಲ.

2024ರಲ್ಲಿ ಜೀ ಮತ್ತು ಬ್ಲೂಮ್‌ಬರ್ಗ್ ನಡುವೆ ನಡೆದದ್ದು ಇನ್ನೂ ಮುಖ್ಯ. ಜೀ ಕಂಪನಿಯ ಲೆಕ್ಕಪತ್ರದ ಬಗ್ಗೆ ಫೆಬ್ರವರಿ 21ರಂದು ಬ್ಲೂಮ್‌ಬರ್ಗ್ ಒಂದು ವರದಿ ಪ್ರಕಟಿಸಿತು. ಮಾರ್ಚ್ 1ಕ್ಕೆ ದಿಲ್ಲಿಯ ಕೆಳಗಿನ ಕೋರ್ಟು ಅದನ್ನು ತೆಗೆದುಹಾಕುವಂತೆ ಆಜ್ಞೆ ಮಾಡಿತು, ಹೈಕೋರ್ಟು ಅದನ್ನು ಉಳಿಸಿತು. ಮಾರ್ಚ್ 22ರಂದು ಸುಪ್ರೀಂ ಕೋರ್ಟು ರದ್ದುಮಾಡಿತು. ವಿಚಾರಣೆಯೇ ನಡೆಯದೆ ಬರಹವೊಂದನ್ನು ತಡೆಹಿಡಿದರೆ, ಆರೋಪ ಸಾಬೀತಾಗುವ ಮುನ್ನವೇ ಅದಕ್ಕೆ ಮರಣದಂಡನೆ ಕೊಟ್ಟಂತೆ ಎಂಬುದು ಆ ಆದೇಶದ ಸಾರ. ಹಣಬಲ ಇರುವವರು ದಾವೆಯ ಭಾರದಿಂದಲೇ ಎದುರಿನವರನ್ನು ಸುಸ್ತುಮಾಡುವ ಚಾಳಿಯ ಬಗ್ಗೆಯೂ ಅಲ್ಲಿ ಎಚ್ಚರಿಕೆ ಇದೆ. ಬೆಂಗಳೂರಿನ ಕೋರ್ಟುಗಳಿಂದಲೂ ಏಕಪಕ್ಷೀಯ ತಡೆಯಾಜ್ಞೆಗಳು ಸುಲಭವಾಗಿ ಸಿಗುತ್ತವೆ ಎಂಬ ಮಾತು ಪತ್ರಕರ್ತರ ವಲಯದಲ್ಲಿದೆ. ವಕೀಲನಾಗಿ ನನಗೆ ಆ ಮಾತು ಚುಚ್ಚುತ್ತದೆ, ಏಕೆಂದರೆ ಅರ್ಜಿ ಬರೆಯುವವರು ನಾವೇ. ಕೋರ್ಟಿಗೆ ಪೂರ್ತಿ ಸತ್ಯ ಹೇಳುವ ಹೊಣೆ, ಎದುರಾಳಿ ಅಲ್ಲಿಲ್ಲದ ದಿನ, ನಮ್ಮ ಮೇಲೆ ಇಮ್ಮಡಿಯಾಗಿರುತ್ತದೆ. ಸುಳ್ಳು ಬರೆದು ಹೊಟ್ಟೆಯ ಮೇಲೆ ಹೊಡೆದವರ ವಿರುದ್ಧ ಕಂಪನಿಗೂ ಮಾನಹಾನಿಯ ದಾವೆ ಹೂಡುವ ಹಕ್ಕಿದೆ, ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು. ಅಂಥ ದಾವೆಗಳನ್ನು ನಾನೂ ನಡೆಸಿದ್ದೇನೆ. ಅಲ್ಲೂ ಮೊದಲು ಕೂತು ಹುಡುಕುವುದು ಬರೆದದ್ದರಲ್ಲಿ ಸುಳ್ಳು ಯಾವ ಸಾಲಿನಲ್ಲಿದೆ ಎಂಬುದನ್ನು.

ಸಾಗರದ ತಾಯಿಯ ದಾವೆ ತೀರ್ಪಿನವರೆಗೆ ಹೋಗಲಿಲ್ಲ. ತಡೆಯಾಜ್ಞೆ ಬಂತು, ಕಮಿಷನರ್ ಹೋಗಿ ನಕಲಿ ಲೇಬಲ್ಲಿನ ಕಟ್ಟುಗಳನ್ನು ಎಣಿಸಿ ಮಹಜರು ಮಾಡಿದರು, ಮೂರನೆಯ ವಾಯಿದೆಗೆ ಎದುರಾಳಿ ರಾಜಿಗೆ ಬಂದ. ಮಧ್ಯಸ್ಥಿಕೆಯ ಕೋಣೆಯಲ್ಲಿ ನೋಡಿದರೆ ಅವನೂ ಸಾಲ ಮಾಡಿ ವ್ಯಾಪಾರಕ್ಕಿಳಿದ ಹುಡುಗ. "ಓಡೋ ಮಾಲಿನ ತರ ಮಾಡಿಕೊಡಿ ಅಂತ ಪ್ರೆಸ್ಸಿನವರಿಗೆ ಹೇಳಿದ್ದೆ ಅಮ್ಮ" ಎಂದ. ಹೆಸರು, ಬಣ್ಣ, ಚಿತ್ರ ಮೂರನ್ನೂ ಬದಲಿಸುವುದು, ಅಂಗಡಿಗಳಿಂದ ಸರಕು ವಾಪಸ್ ತರಿಸುವುದು, ಉಳಿದ ಲೇಬಲ್ಲುಗಳನ್ನು ಇವರಿಗೆ ಒಪ್ಪಿಸುವುದು ಎಂದು ಬರೆದುಕೊಂಡೆವು. ಪರಿಹಾರದ ಹಣ ಬೇಡ ಎಂದು ಆ ತಾಯಿಯೇ ಹೇಳಿದರು. ಕೋರ್ಟಿನ ಖರ್ಚು ಮಾತ್ರ ಕೊಡಲಿ ಎಂದರು. ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ, ಮಿಡಿಯನ್ನು ತೊಟ್ಟು ಮುರಿಯದೆ ಕೀಳಿಸಬೇಕು, ಸೊನೆ ಸೋರಿಹೋದರೆ ಘಮ ಎಲ್ಲಿಂದ ಬರಬೇಕು, ಅದಕ್ಕೇ ನೀನು ವಿನಿಗರ್ ಸುರಿಯಬೇಕಾಗಿ ಬಂತು ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

ಅದೇ ವಾರ ಅವರ ಹೆಸರಿನ ನೋಂದಣಿಗೆ ಅರ್ಜಿ ಹಾಕಿದೆವು. ಆನ್‌ಲೈನಿನಲ್ಲಿ ಸಲ್ಲಿಸುವ ಸಣ್ಣ ಉದ್ಯಮಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ಬೆಂಗಳೂರಿನವರಿಗೂ ಸಾಗರದವರಿಗೂ ಕಚೇರಿ ಚೆನ್ನೈ. ಉಪ್ಪಿನಕಾಯಿ ಬರುವುದು 29ನೆಯ ವರ್ಗದಲ್ಲಿ, ನಂದಿನಿಯ ಹಾಲು ಇರುವುದೂ ಅದರಲ್ಲೇ. ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳು ಅವಕಾಶ, ನೋಂದಣಿಯಾದರೆ ಹತ್ತು ವರ್ಷ, ಆಮೇಲೆ ನವೀಕರಿಸುತ್ತ ಹೋಗಬಹುದು. ಇಷ್ಟನ್ನು ಅವರು ತಮ್ಮ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು.

ಮುಂದಿನ ಮಿಡಿ ಸೀಸನ್ನಿನ ಮೊದಲ ಸರಕಿನ ಜೊತೆ ಅವರೂ ಬೆಂಗಳೂರಿಗೆ ಬಂದರು. ಮಲ್ಲೇಶ್ವರದ ಅಂಗಡಿಗೆ ನಾನೂ ಹೋಗಿದ್ದೆ. ಹನ್ನೆರಡು ವರ್ಷದಿಂದ ಡಬ್ಬಿಗಳನ್ನು ಎಣಿಸಿ ಒಳಗಿಡುತ್ತಿದ್ದ ಅಂಗಡಿಯವರು ಈ ಸಲ ಒಂದು ಬಾಟಲಿ ತೆಗೆದು, ಮುಚ್ಚಳ ತಿರುಚಿ, ಮೂಸಿ ನೋಡಿದರು. ಆಮೇಲೆ ಚಮಚದ ತುದಿಯಲ್ಲಿ ಒಂದು ಮಿಡಿ ತೆಗೆದು ಬಾಯಿಗಿಟ್ಟುಕೊಂಡರು. ಆ ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರ ಮುಖವನ್ನೇ ನೋಡುತ್ತ ನಿಂತಿದ್ದರು. ಅಂಗಡಿಯವರು ಮಿಡಿ ಕಚ್ಚಿ, ತಲೆಯಾಡಿಸಿ, ಒಳಗಿನ ಹುಡುಗನಿಗೆ ಡಬ್ಬಿ ಇಳಿಸಿಕೋ ಎಂದರು.